ಕಲಿತ ಕೈ ಯಾರಿಗಾಗಿ?



ಭಾನುವಾರದ ಬಲಿಪೂಜೆ ಮುಗಿದ ಮೇಲೆ ದೇವಾಲಯದ ಅಂಗಳದಲ್ಲಿ ನಾಲ್ಕು ಮಂದಿ ತಂದೆತಾಯಂದಿರು ಸೇರಿದರೆ ಈಚೆಗೆ ಒಂದು ವಿಷಯ ಮತ್ತೆ ಮತ್ತೆ ಬರುತ್ತದೆ. "ಮಗನನ್ನು ಕರಾಟೆಗೆ ಸೇರಿಸಿದ್ದೇವೆ" ಎನ್ನುತ್ತಾರೆ ಒಬ್ಬರು. "ಕರಾಟೆಗಿಂತ ಟೇಕ್ವಾಂಡೊ ಒಳ್ಳೆಯದಂತೆ" ಎನ್ನುತ್ತಾರೆ ಇನ್ನೊಬ್ಬರು. "ನಮ್ಮ ಗರಡಿಯ ಕುಸ್ತಿಗೆ ಯಾವುದೂ ಸಮವಲ್ಲ" ಎಂದು ಹಿರಿಯರೊಬ್ಬರು ಮೀಸೆ ತೀಡುತ್ತಾರೆ. ಅಷ್ಟರಲ್ಲಿ ಒಬ್ಬ ತಾಯಿ ಮೆಲ್ಲನೆ ಕೇಳುತ್ತಾರೆ: "ಒಂದು ಕೆನ್ನೆಗೆ ಹೊಡೆದರೆ ಇನ್ನೊಂದನ್ನೂ ಒಡ್ಡಬೇಕೆಂದು ಯೇಸುಸ್ವಾಮಿ ಹೇಳಿದ್ದಾರಲ್ಲ. ನಾವು ಮಕ್ಕಳಿಗೆ ಹೊಡೆದಾಟ ಕಲಿಸುವುದು ಸರಿಯೇ?" ಮಾತು ಅಲ್ಲಿಗೇ ನಿಂತುಹೋಗುತ್ತದೆ. ಎಲ್ಲರೂ ಸ್ಕೂಟರಿನ ಕೀಲಿಕೈ ಹುಡುಕತೊಡಗುತ್ತಾರೆ.

ಆ ತಾಯಿಯ ಪ್ರಶ್ನೆಗೆ ನಾನೂ ಬಹಳ ದಿನ ಉತ್ತರ ಹುಡುಕಿದ್ದೇನೆ. ಏಕೆಂದರೆ ನನ್ನ ಮಗನನ್ನು ಕರಾಟೆಗೆ ಸೇರಿಸಿದವನು ನಾನೇ. ಸೇರಿಸಿದ್ದು ಒಳ್ಳೆಯ ಮನಸ್ಸಿನಿಂದ ಅಲ್ಲ.

ಅವನು ಆಗ ಆರನೆಯ ತರಗತಿ. ಶಾಲೆಯ ವ್ಯಾನಿನಲ್ಲಿ ದೊಡ್ಡ ಹುಡುಗನೊಬ್ಬ ದಿನವೂ ಅವನ ತಲೆಗೆ ಮೊಟಕುತ್ತಿದ್ದ, ಊಟದ ಡಬ್ಬಿ ಕಿತ್ತುಕೊಳ್ಳುತ್ತಿದ್ದ. ಕಿವಿಯ ಹಿಂದೆ ಕಂದಿದ ಗುರುತು ಕಂಡು ಅವನ ತಾಯಿ ವಿಚಾರಿಸಿದಾಗ ವಿಷಯ ಹೊರಬಂತು. ಶಾಲೆಯವರಿಗೆ ತಿಳಿಸಬೇಕೆಂಬುದು ಕೂಡ ಆ ಸಿಟ್ಟಿನಲ್ಲಿ ನನಗೆ ತೋಚಲಿಲ್ಲ. ಮರುದಿನವೇ ಕರಾಟೆ ತರಗತಿಗೆ ಎಳೆದುಕೊಂಡು ಹೋದೆ. "ಯಾಕೆ ಸೇರಿಸುತ್ತಿದ್ದೀರಿ?" ಎಂದು ಮಾಸ್ಟರ್ ಕೇಳಿದರು. "ಒಂದು ಕೊಟ್ಟವನಿಗೆ ಇವನು ಎರಡು ವಾಪಸು ಕೊಡಬೇಕು ಸಾರ್, ಅದಕ್ಕೆ" ಎಂದೆ. ಅವರು ನಗಲಿಲ್ಲ. "ಮೊದಲು ಕಲಿಸುವುದು ನಿಲ್ಲುವುದು, ವಂದಿಸುವುದು, ತಡೆಯುವುದು. ಹೊಡೆಯುವುದು ಆಮೇಲೆ. ಒಪ್ಪಿಗೆಯಾದರೆ ಬಿಟ್ಟುಹೋಗಿ" ಎಂದರು. ಬಿಟ್ಟುಬಂದೆ. ಆದರೆ ಆ ಮಾತು ನನ್ನನ್ನು ಬಿಡಲಿಲ್ಲ.

ಯಾವ ವಿದ್ಯೆ ಮೇಲು, ಯಾವುದು ಕೀಳು ಎಂದು ನಾವು ವಾದಿಸುತ್ತೇವೆ. ಒಂದೊಂದು ವಿದ್ಯೆಯೂ ತನ್ನ ಶಿಷ್ಯನಿಗೆ ಮೊದಲ ದಿನ ಏನು ಕಲಿಸುತ್ತದೆ ಎಂದು ನೋಡಿದ್ದೇವೆಯೇ?

ಜೂಡೊ ಮೊದಲು ಕಲಿಸುವುದು ಬೀಳುವುದನ್ನು. ಜಪಾನಿನ ಶಿಕ್ಷಣತಜ್ಞ ಕಾನೊ ಜಿಗೊರೊ ಅವರು 1882ರಲ್ಲಿ ಟೋಕಿಯೋದ ಒಂದು ಬೌದ್ಧ ಮಂದಿರದಲ್ಲಿ ಕೆಲವೇ ಶಿಷ್ಯರೊಂದಿಗೆ ಇದನ್ನು ಆರಂಭಿಸಿದರು. ಪೆಟ್ಟಾಗದಂತೆ ಬೀಳಲು ಬಾರದವನಿಗೆ ಇನ್ನೊಬ್ಬನನ್ನು ಎತ್ತಿಹಾಕುವ ಪಟ್ಟು ಹೇಳಿಕೊಡುವುದಿಲ್ಲ. ಶಕ್ತಿಯನ್ನು ವ್ಯರ್ಥ ಮಾಡದೆ ಒಳ್ಳೆಯದಕ್ಕೆ ಬಳಸಬೇಕು, ನಾನೂ ನನ್ನ ಎದುರಾಳಿಯೂ ಒಟ್ಟಿಗೆ ಏಳಿಗೆ ಹೊಂದಬೇಕು ಎಂಬುವು ಅವರ ಎರಡು ಮುಖ್ಯ ತತ್ವಗಳು.

ಕರಾಟೆ ಓಕಿನಾವಾ ದ್ವೀಪದ್ದು. ಹೆಸರಿನ ಅರ್ಥವೇ ಬರಿಗೈ. 1922ರಲ್ಲಿ ಅದನ್ನು ಟೋಕಿಯೋದಲ್ಲಿ ಪ್ರದರ್ಶಿಸಿ ಜಪಾನಿನ ಮುಖ್ಯ ಭೂಭಾಗದಲ್ಲಿ ಬೇರೂರಿಸಿದ ಫುನಕೋಶಿ ಗಿಚಿನ್ ಅವರು ವೃತ್ತಿಯಲ್ಲಿ ಶಾಲಾ ಮಾಸ್ತರರು. ಕರಾಟೆ ಕಲಿತವನು ಎಂದೂ ಮೊದಲು ಕೈ ಮಾಡಬಾರದು ಎಂಬುದು ಅವರು ಹಾಕಿಕೊಟ್ಟ ನಿಯಮ. ಇನ್ನೊಬ್ಬ ಜಪಾನೀ ಗುರು ಉಯೆಶಿಬಾ ಮೊರಿಹೆ ಅವರ ಐಕಿಡೊ, ಮೈಮೇಲೆ ಬರುವವನ ವೇಗವನ್ನೇ ತಿರುಗಿಸಿ ಅವನನ್ನು ತಣ್ಣಗಾಗಿಸುವ ವಿದ್ಯೆ. ಕೊರಿಯಾದ ಟೇಕ್ವಾಂಡೊ ಕಾಲಿನ ಚುರುಕಿಗೆ ಹೆಸರಾದದ್ದು. 2000ದ ಸಿಡ್ನಿ ಒಲಿಂಪಿಕ್ಸಿನಿಂದ ಅದು ಪದಕದ ಆಟವಾಗಿದೆ. ಅಲ್ಲಿಯೂ ಪ್ರತಿ ಪಂದ್ಯ ಎದುರಾಳಿಗೆ ತಲೆಬಾಗುವುದರಿಂದಲೇ ಆರಂಭ.

ನಮ್ಮ ಹತ್ತಿರದ್ದನ್ನೇ ನೋಡೋಣ. ಕೇರಳದ ಕಳರಿಪಯಟ್ಟಿನಲ್ಲಿ ಮೊದಲು ಮೈ ಪಳಗಬೇಕು, ಆಮೇಲೆ ಕೋಲು, ಆಮೇಲೆ ಕತ್ತಿ, ಗುರಾಣಿ. ದೇಹದ ಮರ್ಮಸ್ಥಾನಗಳನ್ನು ಬಲ್ಲ ಅದೇ ಗುರುಗಳು ಉಳುಕಿಗೆ ಎಣ್ಣೆ ತಿಕ್ಕುತ್ತಾರೆ, ನೋವಿಗೆ ಔಷಧ ಕಟ್ಟುತ್ತಾರೆ. ವಡಗರದ ಮೀನಾಕ್ಷಿ ಅಮ್ಮ ಎಪ್ಪತ್ತು ದಾಟಿದ ಮೇಲೂ ಕಳರಿಯಲ್ಲಿ ನಿಂತು ಮಕ್ಕಳಿಗೆ ಕಲಿಸುತ್ತಿದ್ದವರು. ಅವರಿಗೆ 2017ರಲ್ಲಿ ಪದ್ಮಶ್ರೀ ಬಂತು. ಮೈಸೂರಿನ ಗರಡಿಯಲ್ಲಿ ಪೈಲ್ವಾನರು ಕಣದ ಮಣ್ಣನ್ನು ಮುಟ್ಟಿ ನಮಸ್ಕರಿಸದೆ ಸೆಣಸುವುದಿಲ್ಲ. ವಿಜಯದಶಮಿಯ ದಿನ ಅರಮನೆಯಲ್ಲಿ ನಡೆಯುವ ಜಟ್ಟಿಗಳ ವಜ್ರಮುಷ್ಟಿ ಕಾಳಗ ನೋಡಲು ಭಯಂಕರ. ಆದರೆ ಅಲ್ಲಿಯೂ ತಲೆಯಲ್ಲಿ ರಕ್ತ ಕಂಡ ಕೂಡಲೇ ಆಟ ಮುಗಿಯಿತು, ಮುಂದೆ ಒಂದು ಪೆಟ್ಟೂ ಇಲ್ಲ.

ಬೀಳಲು ಕಲಿ, ತಡೆಯಲು ಕಲಿ, ತಲೆಬಾಗಲು ಕಲಿ, ನಿಲ್ಲಿಸಲು ಕಲಿ. ಹೆಸರುಗಳು ಬೇರೆ ಬೇರೆಯಾದರೂ ಈ ಪಾಠಗಳು ಒಂದಕ್ಕೊಂದು ಹತ್ತಿರದವು. ಹಾಗೆಂದು ಎಲ್ಲವೂ ಒಂದೇ ಎಂದು ತಿಳಿಯಬೇಡಿ. ಎದುರಾಳಿಯ ತಲೆಗೆ ಹೊಡೆದು ಪ್ರಜ್ಞೆ ತಪ್ಪಿಸುವುದೇ ದೊಡ್ಡ ಗೆಲುವಾಗಿರುವ ವೃತ್ತಿಪರ ಬಾಕ್ಸಿಂಗನ್ನು ರೋಮಿನ ಯೇಸುಸಭೆಯವರ ಪತ್ರಿಕೆ 'ಲಾ ಚಿವಿಲ್ತಾ ಕತ್ತೋಲಿಕಾ' 2005ರಲ್ಲಿ ಬಹಳ ಕಟುವಾಗಿ ಖಂಡಿಸಿತು. ಹಣಕ್ಕಾಗಿ ಮನುಷ್ಯನ ದೇಹವನ್ನು ಹಾಳುಗೆಡವುವ ಆಟಕ್ಕೂ ಶಿಸ್ತಿನ ವಿದ್ಯೆಗೂ ವ್ಯತ್ಯಾಸ ಉಂಟು.

ಇನ್ನು ಕಲಿಯುವವರ ಮನಸ್ಸಿಗೆ ಬರೋಣ. ಒಬ್ಬನು ಆರೋಗ್ಯಕ್ಕಾಗಿ ಕಲಿಯುತ್ತಾನೆ, ಒಬ್ಬನು ಪದಕಕ್ಕಾಗಿ. ರಾತ್ರಿ ಪಾಳಿ ಮುಗಿಸಿ ಒಬ್ಬಳೇ ಮನೆಗೆ ಬರಬೇಕಾದ ಹೆಣ್ಣುಮಗಳು ಭಯಕ್ಕಾಗಿ ಕಲಿಯುತ್ತಾಳೆ. ಸಿನಿಮಾ ನೋಡಿ ಹುಚ್ಚು ಹಿಡಿಸಿಕೊಂಡವನು ನಾಲ್ಕು ಜನರೆದುರು ಮೆರೆಯಲು ಕಲಿಯುತ್ತಾನೆ. ನನ್ನಂಥ ತಂದೆ ಸೇಡಿಗಾಗಿ ಕಲಿಸುತ್ತಾನೆ. ವಿದ್ಯೆ ಒಂದೇ, ಕೈಯೂ ಒಂದೇ. ಆ ಕೈಯನ್ನು ಎತ್ತಿಸುವ ಮನಸ್ಸು ಮಾತ್ರ ಬೇರೆ. ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಸಂತ ಪೌಲರು ತಮ್ಮನ್ನು ಮುಷ್ಟಿಮಲ್ಲನಿಗೆ ಹೋಲಿಸಿಕೊಂಡದ್ದು ನಿಮಗೆ ನೆನಪಿರಬಹುದು. ಕೊರಿಂಥದ ಬಳಿ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡಾಕೂಟ ನಡೆಯುತ್ತಿತ್ತು. ಆ ಜನರಿಗೆ ಅಂಥ ಹೋಲಿಕೆ ಚೆನ್ನಾಗಿ ಅರ್ಥವಾಗುತ್ತಿತ್ತು. ತಾನು ಗಾಳಿಯನ್ನು ಗುದ್ದುವವನಲ್ಲ ಎನ್ನುವ ಪೌಲರು ಪಳಗಿಸಲು ಹೊರಟದ್ದು ಯಾರನ್ನು? ಬೇರೆಯವರನ್ನಲ್ಲ, ತಮ್ಮನ್ನೇ.

ಈಗ ಆ ತಾಯಿಯ ಪ್ರಶ್ನೆ. ಕೆನ್ನೆಯ ಮಾತು ಏನಾಯಿತು?

ಮತ್ತಾಯನ ಶುಭಸಂದೇಶದಲ್ಲಿ ಯೇಸು ಹೇಳುವುದು ಬಲಗೆನ್ನೆಯ ವಿಷಯ. ಬಲಗೈಯವನು ಎದುರಿಗಿದ್ದವನ ಬಲಗೆನ್ನೆಗೆ ಹೊಡೆಯಬೇಕಾದರೆ ಅಂಗೈಯ ಹಿಂಭಾಗದಿಂದ ಹೊಡೆಯಬೇಕು. ಅಂಥ ಏಟು ಜೀವ ತೆಗೆಯಲು ಕೊಡುವುದಲ್ಲ, ಅವಮಾನ ಮಾಡಲು ಕೊಡುವುದು. ಅವಮಾನಕ್ಕೆ ಅವಮಾನ ಹಿಂದಿರುಗಿಸಬೇಡ, ಸೇಡಿನ ಸರಪಳಿಯನ್ನು ನಿನ್ನಲ್ಲೇ ಕಡಿದುಹಾಕು ಎಂಬುದು ಪ್ರಭುವಿನ ಬೋಧನೆ. ಅನ್ಯಾಯ ಕಂಡು ಬಾಯಿ ಮುಚ್ಚಿಕೊಂಡಿರು ಎಂದು ಅದರ ಅರ್ಥವಲ್ಲ. ಅನ್ನನ ಎದುರು ವಿಚಾರಣೆಯಾಗುವಾಗ ಕಾವಲುಗಾರನೊಬ್ಬ ಯೇಸುವಿನ ಕೆನ್ನೆಗೆ ಹೊಡೆದನೆಂದು ಯೊವಾನ್ನನ ಶುಭಸಂದೇಶ ತಿಳಿಸುತ್ತದೆ. ಆಗ ಯೇಸು ತಿರುಗಿ ಹೊಡೆಯಲಿಲ್ಲ, ತಲೆ ತಗ್ಗಿಸಿ ಸುಮ್ಮನಾಗಲೂ ಇಲ್ಲ. ತಪ್ಪು ಹೇಳಿದ್ದರೆ ತೋರಿಸು, ಇಲ್ಲದಿದ್ದರೆ ಹೊಡೆದದ್ದೇಕೆ ಎಂದು ನೇರವಾಗಿ ಕೇಳಿದರು. ಅದು ಹೆದರಿದವನ ಮೌನವೂ ಅಲ್ಲ, ಕೆರಳಿದವನ ಕೂಗೂ ಅಲ್ಲ.

ಇನ್ನೊಂದು ಮಾತು. ನನ್ನ ಕೆನ್ನೆಯನ್ನು ನಾನು ಒಡ್ಡಬಹುದು. ನನ್ನ ಮಗಳ ಕೆನ್ನೆಯನ್ನು ಒಡ್ಡಲು ನನಗೆ ಯಾವ ಅಧಿಕಾರವಿದೆ? ಪಕ್ಕದ ಮನೆಯ ವಿಧವೆಯ ಕೆನ್ನೆಯನ್ನು? ಈ ವ್ಯತ್ಯಾಸವನ್ನು ಧರ್ಮಸಭೆ ಚೆನ್ನಾಗಿ ಬಲ್ಲದು. ತನ್ನನ್ನು ಕಾಪಾಡಿಕೊಳ್ಳುವುದು ಪಾಪವಲ್ಲ, ಆದರೆ ಅಗತ್ಯಕ್ಕಿಂತ ಹೆಚ್ಚು ಬಲ ಪ್ರಯೋಗಿಸಿದರೆ ತಪ್ಪು ಎಂದು ಹದಿಮೂರನೆಯ ಶತಮಾನದಲ್ಲೇ ಸಂತ ತೋಮಾಸ್ ಅಕ್ವಿನಾಸರು ಬರೆದರು. 1992ರಲ್ಲಿ ಹೊರಬಂದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಅದೇ ಬೋಧನೆಯನ್ನು ಎತ್ತಿಹಿಡಿದು, ಇತರರ ಜೀವಕ್ಕೆ ಹೊಣೆಯಾದವರಿಗೆ ರಕ್ಷಣೆ ಬರೀ ಹಕ್ಕಲ್ಲ, ಗಂಭೀರ ಕರ್ತವ್ಯವೂ ಆಗಬಹುದು ಎನ್ನುತ್ತದೆ. ನಮ್ಮ ಚಿತ್ರದುರ್ಗದ ಓಬವ್ವನ ಕೈಯಲ್ಲಿದ್ದದ್ದು ಅಡುಗೆಮನೆಯ ಒನಕೆ. ಅವಳನ್ನು ನಾವು ಇಂದಿಗೂ ನೆನೆಯುವುದು ಅವಳು ಹೊಡೆದದ್ದಕ್ಕಲ್ಲ, ಕೋಟೆಯೊಳಗಿನ ಜನರಿಗಾಗಿ ಹೊಡೆದದ್ದಕ್ಕೆ.

ಆದ್ದರಿಂದ ಕುಡಿದು ಬಂದ ಗಂಡನ ಹೊಡೆತ ತಿನ್ನುತ್ತಿರುವ ಸಹೋದರಿಗೆ 'ಇನ್ನೊಂದು ಕೆನ್ನೆ ತೋರಿಸಮ್ಮಾ' ಎಂದು ಉಪದೇಶಿಸುವವರು ಶುಭಸಂದೇಶವನ್ನು ಸರಿಯಾಗಿ ಓದಿದವರಲ್ಲ. ಅವಳನ್ನೂ ಅವಳ ಮಕ್ಕಳನ್ನೂ ಸುರಕ್ಷಿತ ಸ್ಥಳಕ್ಕೆ ಸೇರಿಸುವುದು ಮೊದಲ ಪ್ರೀತಿಯ ಕೆಲಸ. ಕ್ಷಮೆಯ ಮಾತು ಆಮೇಲೆ, ಅದೂ ಅವಳ ಬಾಯಿಂದಲೇ ಬರಬೇಕು.

ಹೊಡೆಯಲಾರದವನು ಹೊಡೆಯದಿದ್ದರೆ ಅದು ಕ್ಷಮೆಯೋ ಭಯವೋ ಅವನಿಗೇ ತಿಳಿಯದು. ಹೊಡೆಯಬಲ್ಲವನು ಕೈ ಇಳಿಸಿದಾಗ ಮಾತ್ರ ಸಂಶಯವಿರುವುದಿಲ್ಲ. ಇದನ್ನು ನಾನು ಪುಸ್ತಕದಿಂದ ಕಲಿತದ್ದಲ್ಲ.

ಮಗ ತರಗತಿಗೆ ಸೇರಿ ಒಂದು ವರ್ಷ ಕಳೆದಿತ್ತು. ಒಂದು ಸಂಜೆ ಕೆನ್ನೆ ಕೆಂಪಾಗಿ ಮನೆಗೆ ಬಂದ. ವ್ಯಾನಿನಲ್ಲಿ ಅದೇ ದೊಡ್ಡ ಹುಡುಗ ಮೂರನೆಯ ತರಗತಿಯ ಚಿಕ್ಕವನೊಬ್ಬನನ್ನು ಹಿಡಿದುಕೊಂಡಿದ್ದನಂತೆ. ಇವನು ಮಧ್ಯೆ ಹೋಗಿ ನಿಂತ. ಒಂದು ಏಟು ಬಿತ್ತು. ಎರಡನೆಯದಕ್ಕೆ ಎತ್ತಿದ ಕೈಯನ್ನು ಇವನು ತಡೆದು ಹಿಡಿದುಕೊಂಡ, ವ್ಯಾನು ನಿಲ್ಲುವವರೆಗೂ ಬಿಡಲಿಲ್ಲ. ಅಷ್ಟೇ. "ಬೆಪ್ಪನ ಹಾಗೆ ಏಟು ತಿಂದು ಬಂದೆಯಾ? ಇಷ್ಟು ಫೀಸು ಕಟ್ಟಿದ್ದು ಇದಕ್ಕಾ?" ಎಂದು ನಾನು ರೇಗಿದೆ. ಅವನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಹೊಡೆದದ್ದು ನನಗಲ್ವಾ ಪಪ್ಪ, ಅಷ್ಟೇನೂ ನೋವಾಗಲಿಲ್ಲ. ಅವನಿಗೆ ಬಿದ್ದಿದ್ದರೆ ಅಳುತ್ತಿದ್ದ."

ಆ ರಾತ್ರಿ ಜಪಸರದ ಪ್ರಾರ್ಥನೆಯಲ್ಲಿ, ಯೇಸು ಕಲಿಸಿದ ಜಪದ ಕ್ಷಮೆಯ ಮಾತು ಬಂದಾಗ ನನ್ನ ಗಂಟಲು ಕಟ್ಟಿತು. ಒಂದು ವರ್ಷದಿಂದ ಆ ಹುಡುಗನ ಮೇಲಿನ ಸಿಟ್ಟನ್ನು ಸಾಕಿಕೊಂಡಿದ್ದವನು ನಾನು, ನನ್ನ ಮಗನಲ್ಲ. ಮರುದಿನ ಶಾಲೆಗೆ ಹೋಗಿ, ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆ, ಶಿಕ್ಷಕರೊಂದಿಗೆ ಮಾತನಾಡಿದೆ.

ಪ್ರಿಯ ತಂದೆತಾಯಂದಿರೇ, ಮಕ್ಕಳನ್ನು ಯಾವ ತರಗತಿಗೆ ಸೇರಿಸಬೇಕೆಂದು ಯೋಚಿಸುತ್ತಿದ್ದರೆ ಬೆಲ್ಟಿನ ಬಣ್ಣ, ಪದಕಗಳ ಸಂಖ್ಯೆ ಕೇಳುವ ಮೊದಲು ಅರ್ಧ ಗಂಟೆ ಅಲ್ಲಿ ಕುಳಿತು ನೋಡಿ. ಕಲಿಸುವವರು ದುರ್ಬಲ ಮಗುವನ್ನು ಹೇಗೆ ನಡೆಸಿಕೊಳ್ಳುತ್ತಾರೆ? ಸೋತವನನ್ನು ಗೆದ್ದವನು ಕೈಹಿಡಿದು ಎಬ್ಬಿಸುತ್ತಾನೆಯೇ? 'ನಿಲ್ಲಿಸು' ಎಂದ ಕೂಡಲೇ ಮಕ್ಕಳು ನಿಲ್ಲಿಸುತ್ತಾರೆಯೇ? ಅಲ್ಲಿನ ವಂದನೆ, ಧ್ಯಾನಗಳ ಬಗ್ಗೆ ಸಂಶಯವಿದ್ದರೆ ಸಂಕೋಚವಿಲ್ಲದೆ ಕೇಳಿ ತಿಳಿದುಕೊಳ್ಳಿ. ಗುರುವಿಗೂ ಎದುರಾಳಿಗೂ ತಲೆಬಾಗುವುದು ಗೌರವ, ಆರಾಧನೆ ದೇವರೊಬ್ಬರಿಗೇ ಎಂಬುದನ್ನು ಮಗುವಿಗೆ ತಿಳಿಸಿಹೇಳಿ. ತರಗತಿ ಭಾನುವಾರ ಬೆಳಗ್ಗೆ ಇದ್ದರೆ ಬಲಿಪೂಜೆ, ಧರ್ಮೋಪದೇಶ ತಪ್ಪದ ಹಾಗೆ ಬೇರೆ ವೇಳೆ ಕೇಳಿ ನೋಡಿ. ಎಲ್ಲಕ್ಕಿಂತ ಮೊದಲು, ನಾನು ಕೇಳಿಕೊಳ್ಳದ ಪ್ರಶ್ನೆಯನ್ನು ನೀವು ಕೇಳಿಕೊಳ್ಳಿ: ನನ್ನ ಮಗುವಿನ ಕೈಗೆ ನಾನು ಕೊಡುತ್ತಿರುವುದು ಧೈರ್ಯವನ್ನೋ, ನನ್ನ ಸಿಟ್ಟನ್ನೋ?

ಯೋಧನಾಗಿದ್ದ ಸಂತ ಇಗ್ನಾಸಿಯವರು 1522ರಲ್ಲಿ ಮೊನ್ಸೆರಾತ್ ಬೆಟ್ಟದ ಮಾತೆಯ ಪೀಠದ ಬಳಿ ತಮ್ಮ ಖಡ್ಗವನ್ನು ಒಪ್ಪಿಸಿ ಬಂದರು. ಖಡ್ಗ ಬಿಟ್ಟರು, ಯೋಧನ ಶಿಸ್ತನ್ನು ಬಿಡಲಿಲ್ಲ. ಅದನ್ನು ದೇವರ ಸೇವೆಗೆ ತಿರುಗಿಸಿದರು. ಪೇತ್ರನಿಗೆ ಆ ಶಿಸ್ತು ಬರಲು ತಡವಾಯಿತು. ಗೆತ್ಸೆಮನೆಯ ತೋಪಿನಲ್ಲಿ ಅವನು ಪ್ರೀತಿಯಿಂದಲೇ ಕತ್ತಿ ಹಿರಿದ, ಆದರೆ ಬೀಸಿದ್ದು ಭಯದಿಂದ, ಸಿಟ್ಟಿನಿಂದ. ಪ್ರಧಾನಯಾಜಕನ ಸೇವಕನೊಬ್ಬನ ಕಿವಿ ತುಂಡಾಯಿತು. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಂದೀತೇ ಎಂದು ನಮ್ಮ ಹಿರಿಯರು ಕೇಳುತ್ತಿದ್ದರು. ಅಂದು ಮಾತ್ರ ಬಂತು. ಕೆಲವೇ ಕ್ಷಣಗಳಲ್ಲಿ ಹಗ್ಗ ಬಿಗಿಯಲಿದ್ದ ಕೈಯನ್ನು ಚಾಚಿ ಪ್ರಭು ಆ ಕಿವಿಯನ್ನು ಮುಟ್ಟಿ ಗುಣಪಡಿಸಿದರು.

ಬಂಧನಕ್ಕೆ ಮುಂಚೆ ಆ ಕೈ ಮಾಡಿದ ಕೊನೆಯ ಕೆಲಸ ಅದು, ಅದೂ ತಮ್ಮನ್ನು ಹಿಡಿಯಲು ಬಂದವನಿಗಾಗಿ. ನಮ್ಮ ಮಕ್ಕಳ ಕೈಗಳು ಏನೇ ಕಲಿಯಲಿ, ಇದನ್ನೂ ಕಲಿಯಲಿ.