ಊರು ತೂಗುವ ವಿಶ್ವಾಸ

ಯಾದಗಿರಿ ಸೀಮೆಯ ಹತ್ತಿಕುಣಿಯಂಥ ಊರಲ್ಲಿ ಯಾರ ಭಕ್ತಿಯೂ ಗುಟ್ಟಾಗಿ ಉಳಿಯುವುದಿಲ್ಲ. ಯಾರು ಸೋಮವಾರ ಒಪ್ಪತ್ತು ಇರುತ್ತಾರೆ, ಯಾರು ಮೈಲಾಪುರದ ಮಲ್ಲಯ್ಯನಿಗೆ ಹರಕೆ ಹೊತ್ತಿದ್ದಾರೆ, ಯಾರು ಭಾನುವಾರ ಬೆಳಿಗ್ಗೆ ಕೈಚೀಲದಲ್ಲಿ ಸತ್ಯವೇದ ಇಟ್ಟುಕೊಂಡು ಪ್ರಾರ್ಥನೆಗೆ ಹೊರಡುತ್ತಾರೆ ಎಂಬುದೆಲ್ಲ ಊರಿಗೆ ಗೊತ್ತು. ಇನ್ನೊಂದು ಲೆಕ್ಕ ಊರಿಗೆ ಇದಕ್ಕಿಂತಲೂ ಚೆನ್ನಾಗಿ ಗೊತ್ತು: ಯಾರು ಕೈಗಡ ತಿರುಗಿ ಕೊಟ್ಟರು, ಯಾರು ಪಕ್ಕದ ಹೊಲದ ಬದು ಒತ್ತಿದರು, ಯಾರು ಕುಡಿದು ಬಂದು ಹೆಂಡತಿ ಮೇಲೆ ಕೈಮಾಡಿದರು. ಈ ಎರಡೂ ಲೆಕ್ಕಗಳನ್ನು ಊರು ಪಕ್ಕಪಕ್ಕದಲ್ಲಿಟ್ಟು ಓದುತ್ತದೆ. ಕ್ರೈಸ್ತರು ‘ಮಾದರಿಯ ಬದುಕು’ ಎಂದು ಕರೆಯುವ ಕಲ್ಪನೆಯ ಪರೀಕ್ಷೆ ನಡೆಯುವುದೂ ಅಲ್ಲಿಯೇ.

ಕಲ್ಪನೆ ಮೇಲುನೋಟಕ್ಕೆ ಸರಳ. ಕ್ರೈಸ್ತರ ಪ್ರಕಾರ ದೇವರು ತನ್ನನ್ನು ತೋರಿಸಿಕೊಂಡದ್ದು ಒಬ್ಬ ಮನುಷ್ಯನ ಬದುಕಿನಲ್ಲಿ. ನಜರೇತಿನ ಬಡಗಿಯ ಮನೆಯ ಯೇಸು ಯಾರ ಜೊತೆ ಕೂತು ಉಂಡ, ಯಾರನ್ನು ಮುಟ್ಟಿ ಮಾತಾಡಿಸಿದ, ಹೇಗೆ ಸತ್ತ ಎನ್ನುವುದೇ ಅಲ್ಲಿ ಬೋಧನೆಯ ತಿರುಳು. ಆದ್ದರಿಂದ ಅವನನ್ನು ನಂಬುವುದೆಂದರೆ ಅವನಂತೆ ನಡೆಯಲು ಹೊರಡುವುದು. ಪೌಲನಂತೂ ಕೊರಿಂಥದ ವಿಶ್ವಾಸಿಗಳಿಗೆ ಬರೆದ ಪತ್ರದಲ್ಲಿ, ತಾನು ಕ್ರಿಸ್ತನನ್ನು ನೋಡಿ ನಡೆಯುತ್ತಿರುವುದರಿಂದ ನೀವು ನನ್ನನ್ನು ನೋಡಿ ನಡೆಯಬಹುದು ಎಂಬರ್ಥದಲ್ಲಿ ಹೇಳಿಬಿಟ್ಟ. ಇವತ್ತು ಯಾವ ಪಾಸ್ಟರರಾದರೂ ಸಭೆಯ ಮುಂದೆ ನಿಂತು ಈ ಮಾತನ್ನು ಎದೆತಟ್ಟಿ ಹೇಳಿಯಾರೇ, ಅನುಮಾನ.

ತೊಡಕು ಶುರುವಾಗುವುದು ಯೇಸುವಿನ ಮಾತಿನಲ್ಲೇ. ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಅವನು ಶಿಷ್ಯರಿಗೆ, ನಿಮ್ಮ ಒಳ್ಳೆಯ ಕೆಲಸ ಜನರ ಕಣ್ಣಿಗೆ ಬೀಳಲಿ, ದೀಪ ಹಚ್ಚಿ ಮುಚ್ಚಿಡಬೇಡಿ ಎನ್ನುತ್ತಾನೆ. ಮುಂದಿನ ಅಧ್ಯಾಯದಲ್ಲೇ ಜನ ನೋಡಲೆಂದು ದಾನ ಮಾಡಬೇಡಿ, ಬೀದಿಯಲ್ಲಿ ನಿಂತು ಪ್ರಾರ್ಥಿಸಬೇಡಿ, ಉಪವಾಸವಿದ್ದರೆ ಮುಖ ಬಾಡಿಸಿಕೊಂಡು ತಿರುಗಬೇಡಿ ಎಂದು ಎಚ್ಚರಿಸುತ್ತಾನೆ. ಕಾಣಿಸಬೇಕೋ, ಕಾಣಿಸಬಾರದೋ? ಒಳ್ಳೆಯ ಕೆಲಸ ಕಾಣಲಿ, ಪೂಜೆ ಪ್ರಾರ್ಥನೆ ಗುಟ್ಟಾಗಿರಲಿ ಎಂದು ಹಂಚಿಕೊಡುವವರಿದ್ದಾರೆ. ಆದರೆ ಗುಟ್ಟಾಗಿಡಬೇಕಾದ ಸಾಲಿನಲ್ಲಿ ದಾನವೂ ಇದೆ. ಆ ದಾರಿ ಹಿಡಿದರೆ ತೊಡಕು ಬಿಡುವುದಿಲ್ಲ.

ಹತ್ತಿ ಬಿಡಿಸುವ ಹಂಗಾಮಿನ ಒಂದು ಸಂಜೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಯಾದಗಿರಿ, ಶಹಾಪುರ, ಸುರಪುರದ ಹೊಲಗಳಲ್ಲಿ ಬೆಳಗಿನಿಂದ ಬಗ್ಗಿ ಹತ್ತಿ ಬಿಡಿಸಿದ ಹೆಂಗಸರು ಗಂಟು ಹೊತ್ತು ಬದುವಿಗೆ ಬರುತ್ತಾರೆ. ಕೂಲಿ ಕಿಲೋ ಲೆಕ್ಕದಲ್ಲಿ. ಬೇವಿನ ಟೊಂಗೆಗೆ ಕಾಟಾ ತೂಗುಬಿಟ್ಟಿರುತ್ತದೆ. ಮುಳ್ಳು ಎಲ್ಲಿ ನಿಂತಿತೆಂದು ನೋಡಿ ಹೇಳುವವನು ಒಬ್ಬನೇ, ಬರೆದುಕೊಳ್ಳುವವನೂ ಅವನೇ. ಹೊತ್ತು ಮುಳುಗಿದೆ, ಮನೆಯಲ್ಲಿ ರೊಟ್ಟಿ ಬಡಿಯಬೇಕು, ಅಂಕಿ ಓದಲು ಬರದವರೂ ಇದ್ದಾರೆ. ತೊಟ್ಟು ಸೇರಿದೆ, ಹಸಿ ಇದೆ ಎಂದು ಪ್ರತಿ ಗಂಟಿಗೆ ಒಂದು ಕಿಲೋ ಸೂಟು ಹಿಡಿದರೆ ಕೇಳುವವರಿಲ್ಲ. ಈಗ ಕಾಟಾದ ಮುಂದೆ ಮೂವರು ವಿಶ್ವಾಸಿಗಳನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ನೋಡೋಣ. ಮೊದಲನೆಯವನು ಸೂಟು ಹಿಡಿಯುತ್ತಾನೆ, ಭಾನುವಾರ ಕಾಣಿಕೆಯನ್ನೂ ಹಾಕುತ್ತಾನೆ. ಎರಡನೆಯವನು ನ್ಯಾಯವಾಗಿ ತೂಗುತ್ತಾನೆ, ಆದರೆ ಪ್ರತಿ ಗಂಟಿಗೂ ದನಿ ಎತ್ತಿ, “ನೋಡ್ರೆವ್ವಾ, ನಾವು ದೇವರಿಗೆ ಅಂಜಿ ನಡಿಯೋ ಮಂದಿ, ನಮ್ಮಲ್ಲಿ ಮೋಸ ಇಲ್ಲ” ಎನ್ನುತ್ತಾನೆ. ಮೂರನೆಯವನು, “ಹದಿನೆಂಟೂವರಿ ಆತು ಯವ್ವಾ, ಒಮ್ಮಿ ನೀನೇ ಬಂದು ನೋಡು” ಎಂದು ಬರೆದುಕೊಂಡು ಮುಂದಿನ ಗಂಟಿಗೆ ಕೈಹಾಕುತ್ತಾನೆ.

ಎರಡನೆಯವನ ತೂಕದಲ್ಲಿ ತಪ್ಪಿಲ್ಲ. ತಪ್ಪಿರುವುದು ಅವನ ಕಣ್ಣು ಎಲ್ಲಿದೆ ಎನ್ನುವುದರಲ್ಲಿ. ಅವನು ಮುಳ್ಳನ್ನು ನೋಡುತ್ತಿಲ್ಲ, ತನ್ನನ್ನು ನೋಡುತ್ತಿರುವವರನ್ನು ನೋಡುತ್ತಿದ್ದಾನೆ. ಮೂರನೆಯವನ ಕಣ್ಣು ಮುಳ್ಳಿನ ಮೇಲಿದೆ, ಆ ಹೆಂಗಸಿನ ಕೂಲಿಯ ಮೇಲಿದೆ. ಅವನ ಕೆಲಸವೂ ಎಲ್ಲರೆದುರಿಗೇ ನಡೆಯಿತು, ಮುಚ್ಚುಮರೆ ಏನೂ ಇಲ್ಲ. ನನ್ನ ತಿಳಿವಳಿಕೆಯಲ್ಲಿ ಮತ್ತಾಯನ ಎರಡು ಅಧ್ಯಾಯಗಳು ಕೂಡಿಕೊಳ್ಳುವುದು ಇಲ್ಲಿ. ಕೆಲಸ ಕಾಣುವುದು ಬಿಡುವುದು ನೋಡುವವರಿಗೆ ಸೇರಿದ ಮಾತು. ಮಾಡುವವನ ಪಾಲಿಗೆ ಬಂದದ್ದು ಎದುರಿಗಿರುವ ಮನುಷ್ಯ, ಎದುರಿಗಿರುವ ಕೆಲಸ. ಮಾದರಿಯಾಗಬೇಕೆಂದು ಹೊರಟ ಗಳಿಗೆಯಲ್ಲೇ ಮಾದರಿ ಕೈತಪ್ಪುತ್ತದೆ.

ಇಲ್ಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಹೀಗೆ ಕಂಡದ್ದನ್ನು ನೋಡಿದವರು ಏನು ಮಾಡಬೇಕು? ಇದನ್ನು ತತ್ತ್ವಜ್ಞಾನಿ ಕೀರ್ಕೆಗಾರ್ಡ್‌ನಷ್ಟು ನಿಷ್ಠುರವಾಗಿ ಕೇಳಿದವರು ಕಡಿಮೆ. ಅವನ ಕಾಲದ ಡೆನ್ಮಾರ್ಕಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಹುಟ್ಟಿನಿಂದಲೇ ಕ್ರೈಸ್ತರು. ಚರ್ಚು ರಾಜ್ಯದ ಅಂಗ, ಬಿಷಪ್ಪರು ದೊಡ್ಡ ಮನುಷ್ಯರು. 1850ರಲ್ಲಿ ಗುಪ್ತನಾಮದಲ್ಲಿ ತಂದ ‘ಪ್ರಾಕ್ಟೀಸ್ ಇನ್ ಕ್ರಿಶ್ಚಿಯಾನಿಟಿ’ಯಲ್ಲಿ ಅವನು ಮೆಚ್ಚುವವನನ್ನೂ ಅನುಸರಿಸುವವನನ್ನೂ ಬೇರೆ ಮಾಡಿ ತೋರಿಸಿದ. ಮೆಚ್ಚುವವನು ದೂರ ನಿಂತು ಕೈಮುಗಿಯುತ್ತಾನೆ, ಹಾಡಿ ಹೊಗಳುತ್ತಾನೆ, ಕಣ್ಣೀರೂ ಹಾಕಬಹುದು. ತನ್ನ ಬದುಕನ್ನು ಮಾತ್ರ ಅಲುಗಾಡಿಸುವುದಿಲ್ಲ. ಯೇಸು ಕೇಳಿದ್ದು ಅನುಸರಿಸುವವರನ್ನು, ಅವನಿಗೆ ಸಿಕ್ಕಿದ್ದು ಬಹುಪಾಲು ಮೆಚ್ಚುವವರು ಎಂಬುದು ಕೀರ್ಕೆಗಾರ್ಡ್‌ನ ತಕರಾರು.

ಕೊನೆಗೆ ಅವನು ಬೀದಿಗಿಳಿದೇ ಜಗಳವಾಡಿದ. 1854ರ ಜನವರಿಯಲ್ಲಿ ಬಿಷಪ್ ಮಿನ್‌ಸ್ಟರ್ ತೀರಿಕೊಂಡಾಗ ಮಾರ್ಟೆನ್ಸನ್ ಎಂಬ ಧರ್ಮಪಂಡಿತರು ಅವರನ್ನು ಸತ್ಯದ ಸಾಕ್ಷಿಗಳ ಸಾಲಿಗೆ ಸೇರಿಸಿ ಹೊಗಳಿದರು. ಮಿನ್‌ಸ್ಟರ್ ಕೀರ್ಕೆಗಾರ್ಡ್‌ನ ತಂದೆ ಗೌರವಿಸುತ್ತಿದ್ದ ಹಿರಿಯರು, ಅವನೂ ಅವರ ಪ್ರವಚನ ಕೇಳಿ ಬೆಳೆದವನು. ಆದರೂ ಆ ವರ್ಷದ ಡಿಸೆಂಬರಿನಲ್ಲಿ ಅವನು ಪತ್ರಿಕೆಯಲ್ಲಿ ಬರೆದೇಬಿಟ್ಟ: ಮಾನ, ಸುಖ, ಅಧಿಕಾರ ಎಲ್ಲವನ್ನೂ ಉಂಡು ಸತ್ತವರು ಸಾಕ್ಷಿ ಹೇಗಾದಾರು? ಸತ್ಯಕ್ಕೆ ಸಾಕ್ಷಿಯಾದವನು ಅದಕ್ಕಾಗಿ ಏನನ್ನಾದರೂ ಕಳೆದುಕೊಂಡಿರಬೇಕು. ಸತ್ತವರ ಬಗ್ಗೆ ಹೀಗೆ ಬರೆದನಲ್ಲ ಎಂದು ಕೋಪನ್‌ಹೇಗನ್ ಸಿಟ್ಟಾಯಿತು. ಜಗಳದ ನಡುವೆಯೇ 1855ರ ನವೆಂಬರಿನಲ್ಲಿ ಅವನೂ ತೀರಿಕೊಂಡ. ಅವನ ಮಾತಿನಲ್ಲಿ ಅತಿ ಇದೆ. ನೋವನ್ನೇ ನಂಬಿಕೆಯ ಸರ್ಟಿಫಿಕೇಟು ಮಾಡಿಕೊಂಡರೆ ನೋವು ಹುಡುಕಿಕೊಂಡು ಹೋಗುವ ಹುಚ್ಚಿಗೂ ದಾರಿಯಾಗುತ್ತದೆ. ಆದರೂ ಬೆಲೆ ತೆರದ ಮಾದರಿಯನ್ನು ನಂಬುವುದು ಕಷ್ಟ ಎಂಬಷ್ಟನ್ನು ಅವನಿಂದ ಇಟ್ಟುಕೊಳ್ಳಬೇಕು.

ಯಾದಗಿರಿ ಸೀಮೆಯಲ್ಲಿ ಆ ಬೆಲೆಗೆ ಒಂದು ಕಾನೂನಿನ ರೂಪವೇ ಇದೆ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಮಾನ್ಯತೆಯನ್ನು ಹಿಂದೂಗಳಿಗೆ ಸೀಮಿತ ಮಾಡಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ಕ್ರೈಸ್ತರಾದ ದಲಿತರು ಹೊರಗೇ ಉಳಿದರು. ಕೇರಿಯಲ್ಲಿ ಮನೆ ಅದೇ, ಹೋಟೆಲಿನಲ್ಲಿ ಸಿಗುವ ಮರ್ಯಾದೆ ಅದೇ, ಕಾಗದದಲ್ಲಿ ಮಾತ್ರ ಜಾತಿ ಹೋಗುತ್ತದೆ. ಹಾಗಾಗಿ ಚರ್ಚಿನಲ್ಲಿ ಒಂದು ಹೆಸರು, ಶಾಲೆಯ ದಾಖಲೆಯಲ್ಲಿ ಇನ್ನೊಂದು ಹೆಸರು ಇಟ್ಟುಕೊಂಡು ಬದುಕುವ ಕುಟುಂಬಗಳು ನಾಡಿನ ಹಲವೆಡೆ ಇವೆ. ಮಗಳ ಹಾಸ್ಟೆಲ್ ಸೀಟು, ಮಗನ ನೌಕರಿ ಆ ಒಂದು ಸಾಲಿನ ಮೇಲೆ ನಿಂತಿರುವಾಗ, ನಿನ್ನ ವಿಶ್ವಾಸವನ್ನು ಬಹಿರಂಗವಾಗಿ ಬಾಳಿ ತೋರಿಸು ಎಂದು ಅವರಿಗೆ ಹೇಳುವವರು ಯಾರು? ಪಟ್ಟಣದಲ್ಲಿ ಕೂತ, ಕಳೆದುಕೊಳ್ಳಲು ಏನೂ ಇಲ್ಲದ ಕ್ರೈಸ್ತರು ಈ ಉಪದೇಶ ಕೊಡದಿರುವುದೇ ಲೇಸು. ಕೀರ್ಕೆಗಾರ್ಡ್ ಬದುಕಿದ್ದರೆ ಅವನ ಬೆರಳೂ ಉಪದೇಶ ಕೊಡುವವರ ಕಡೆಗೇ ತಿರುಗುತ್ತಿತ್ತು ಎಂದು ನನ್ನ ಊಹೆ.

ಜಾತಿಯ ಮಾತು ಬಂದಾಗ ಇನ್ನೊಂದನ್ನೂ ಹೇಳಿಬಿಡಬೇಕು. ಭಾರತದ ಚರ್ಚುಗಳಲ್ಲಿ ಜಾತಿ ನೋಡಿ ಬೇರೆ ಕೂರಿಸಿದ, ಬೇರೆ ಹೂಳಿದ ಚರಿತ್ರೆ ಇದೆ, ಮದುವೆ ಸಂಬಂಧಗಳಲ್ಲಿ ಅದು ಇಂದಿಗೂ ಪೂರ್ತಿ ಅಳಿದಿಲ್ಲ. ಸಮಾನತೆ ಹುಡುಕಿ ಬಂದವರು ಮೊದಲು ನೋಡುವುದು ಅದನ್ನೇ. ಎಷ್ಟು ಪ್ರವಚನ ಮಾಡಿದರೂ ಅದನ್ನು ಮುಚ್ಚಲಾಗದು.

ನೋಡುವವರು ಯಾವ ಅಳತೆಯಿಂದ ನೋಡುತ್ತಾರೆ ಎನ್ನುವುದು ತತ್ತ್ವಜ್ಞಾನದ ಹಳೆಯ ವಾದ. ಕಾಂಟ್ 1785ರ ತನ್ನ ನೀತಿಶಾಸ್ತ್ರದ ಗ್ರಂಥದಲ್ಲಿ, ಸುವಾರ್ತೆಯ ಯೇಸುವನ್ನು ಕೂಡ ಒಳ್ಳೆಯವನೆಂದು ಗುರುತಿಸಬೇಕಾದರೆ ನಮ್ಮೊಳಗೆ ಒಳ್ಳೆಯತನದ ಕಲ್ಪನೆ ಮೊದಲೇ ಇರಬೇಕು ಎಂದು ವಾದಿಸಿದ. ಮಾದರಿ ಧೈರ್ಯ ತುಂಬಬಹುದು, ಅಳತೆ ಕೊಡಲಾರದು. ಅಮೆರಿಕದ ಲಿಂಡಾ ಜಗ್ಜೆಬ್ಸ್ಕಿ 2017ರ ಪುಸ್ತಕದಲ್ಲಿ ಇದನ್ನು ತಿರುಗಿಸಿ ಹಾಕಿದರು: ನಾವು ಮೊದಲು ಮೆಚ್ಚುವುದು ಮನುಷ್ಯರನ್ನು, ಒಳ್ಳೆಯತನವೆಂದರೆ ಏನೆಂದು ಅವರಿಂದ ಕಲಿಯುತ್ತೇವೆ. ನಮ್ಮ ತಾಯಂದಿರು ಜಗ್ಜೆಬ್ಸ್ಕಿ ಪಕ್ಷದವರು. “ಅವನಂಗ ಇರಬೇಕು ನೋಡು” ಎಂದು ಬೆರಳು ತೋರಿಸಿ ಕಲಿಸುತ್ತಾರೆಯೇ ಹೊರತು ವ್ಯಾಖ್ಯೆ ಹೇಳುವುದಿಲ್ಲ.

ಆ ಬೆರಳು ಈ ಸೀಮೆಯಲ್ಲಿ ಯಾರ ಕಡೆ ತಿರುಗಿದೆ ನೋಡಿ. ಸುರಪುರ ಸೀಮೆಯ ಮುದನೂರು ದೇವರ ದಾಸಿಮಯ್ಯನ ಊರು. ವಚನ ಹೇಳುತ್ತಲೇ ಮಗ್ಗದಲ್ಲಿ ಬಟ್ಟೆ ನೇಯ್ದವನು ಅವನು. ಕೃಷ್ಣೆಯ ದಂಡೆಯ ತಿಂಥಣಿಯಲ್ಲಿ ಮೌನೇಶ್ವರನಿಗೆ ಹಿಂದೂ ಮುಸ್ಲಿಂ ಎನ್ನದೆ ಭಕ್ತರಿದ್ದಾರೆ. ನಡೆ ನುಡಿ ಒಂದಾಗಿರಬೇಕು ಎಂಬ ಒತ್ತಾಯ ಈ ಮಣ್ಣಿಗೆ ಯಾವ ಮಿಷನರಿಯೂ ತಂದುಕೊಟ್ಟದ್ದಲ್ಲ. ಹತ್ತಿಕುಣಿಯ ಕ್ರೈಸ್ತನ ಬದುಕು ತೂಗುವುದು ಶರಣರೂ ಸಂತರೂ ಬಿಟ್ಟುಹೋದ ಅಳತೆಯಲ್ಲೇ. ಇದನ್ನು ಕೊರತೆಯೆಂದು ಕ್ರೈಸ್ತರು ತಿಳಿಯಬೇಕಿಲ್ಲ. ನೆರೆಯವನಿಗೆ ಅರ್ಥವಾಗುವ ಅಳತೆಯಲ್ಲಿ ತೂಗಿಸಿಕೊಳ್ಳುವ ಭಾಗ್ಯ ಎಲ್ಲ ಕಡೆಯ ವಿಶ್ವಾಸಿಗಳಿಗೆ ಸಿಗುವುದಿಲ್ಲ.

ಮೆಥೊಡಿಸ್ಟ್ ಮಿಷನರಿ ಸ್ಟ್ಯಾನ್ಲಿ ಜೋನ್ಸ್‌ಗೆ ಇದು ಅರ್ಥವಾಗಿತ್ತು. 1907ರಲ್ಲಿ ಭಾರತಕ್ಕೆ ಬಂದ ಅವರು, ಕ್ರೈಸ್ತ ಧರ್ಮ ಈ ದೇಶದ್ದೇ ಆಗಬೇಕಾದರೆ ಏನು ಮಾಡಬೇಕೆಂದು ಗಾಂಧೀಜಿಯನ್ನೇ ಕೇಳಿದರು. ಕ್ರೈಸ್ತರೆಲ್ಲ, ಅದರಲ್ಲೂ ಮಿಷನರಿಗಳು, ಯೇಸುವಿನಂತೆ ಬದುಕಲು ಶುರುಮಾಡಲಿ; ಧರ್ಮವನ್ನು ಕಲಬೆರಕೆ ಮಾಡದೆ ಆಚರಿಸಲಿ ಎಂಬರ್ಥದ ಉತ್ತರ ಬಂತು. 1925ರಲ್ಲಿ ಬಂದ ‘ದಿ ಕ್ರೈಸ್ಟ್ ಆಫ್ ದಿ ಇಂಡಿಯನ್ ರೋಡ್’ ಪುಸ್ತಕದಲ್ಲಿ ಜೋನ್ಸ್ ಇದನ್ನು ಮುಚ್ಚಿಡದೆ ದಾಖಲಿಸಿದ್ದಾರೆ. ಗಾಂಧೀಜಿ ಕುರಿತು ಅವರು 1948ರಲ್ಲಿ ಬರೆದ ಇನ್ನೊಂದು ಪುಸ್ತಕ ಮಾರ್ಟಿನ್ ಲೂಥರ್ ಕಿಂಗ್ ಕೈಸೇರಿತು. ಯೇಸುವಿನ ಪರ್ವತ ಪ್ರಸಂಗವನ್ನು ಹೇಗೆ ಬಾಳಬಹುದೆಂದು ಅಮೆರಿಕದ ಒಬ್ಬ ಪಾದ್ರಿ ಗುಜರಾತಿನ ಒಬ್ಬ ವೈಷ್ಣವನಿಂದ ಕಲಿತ. ಮಾದರಿಗೆ ಮತದ ಗಡಿ ಇಲ್ಲ ಎನ್ನಲು ಇದಕ್ಕಿಂತ ದೊಡ್ಡ ಪುರಾವೆ ನನಗೆ ಗೊತ್ತಿಲ್ಲ.

ಹಾಗಾದರೆ ಬಾಯಿಬಿಟ್ಟು ಹೇಳುವುದೇ ಬೇಡವೇ? ಅಸ್ಸೀಸಿಯ ಫ್ರಾನ್ಸಿಸ್ 1221ರಲ್ಲಿ ತನ್ನ ಸಹೋದರರಿಗೆ ಕೊಟ್ಟ ನಿಯಮಾವಳಿಯಲ್ಲಿ, ಮುಸ್ಲಿಮರ ನಡುವೆ ಹೋಗುವವರಿಗೆ ಎರಡು ದಾರಿ ಹೇಳಿದ್ದಾನೆ. ಒಂದು, ವಾದ ವಿವಾದ ಮಾಡದೆ ಎಲ್ಲರಿಗೂ ತಗ್ಗಿ ನಡೆದು, ತಾವು ಕ್ರೈಸ್ತರೆಂದು ಒಪ್ಪಿಕೊಂಡು ಬಾಳುವುದು. ಇನ್ನೊಂದು, ದೇವರ ಇಚ್ಛೆ ಎಂದು ಕಂಡಾಗ ಸಾರುವುದು. ಬದುಕಿನ ಮಾತು ಮೊದಲು ಬಂದಿದೆ. ಅಗತ್ಯಬಿದ್ದರೆ ಮಾತ್ರ ಮಾತು ಬಳಸಿ ಎಂದು ಅವನ ಹೆಸರಿನಲ್ಲಿ ಓಡಾಡುವ ಹೇಳಿಕೆ ಅವನ ಬರಹಗಳಲ್ಲಿ ಎಲ್ಲೂ ಇಲ್ಲ. ಸಿಕ್ಕ ಕಾರ್ಡುಗಳ ಮೇಲೆಲ್ಲ ಅಚ್ಚಾಗುತ್ತಿದೆ, ಇರಲಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಅನುಮಾನ ಉಳಿಯುತ್ತದೆ, ನಮ್ಮ ಕಡೆ ಅದು ಸಣ್ಣದಲ್ಲ. ಸೇವೆ ಆಮಿಷವಾದರೆ? ಯಾದಗಿರಿಯಲ್ಲಿ ಮೆಥೊಡಿಸ್ಟರ ಹೋಲ್‌ಸ್ಟನ್ ಆಸ್ಪತ್ರೆ ಇದೆ. ಮಂಗಳೂರಿನ ಕಂಕನಾಡಿಯಲ್ಲಿ ಜೆಸ್ವಿತ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಬಡವರಿಗೆ ಹೋಮಿಯೋಪಥಿ ಔಷಧ ಕೊಡಲು ಶುರುಮಾಡಿ, ಮುಂದೆ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿಸಿದರು. ಇಂಥ ಸಂಸ್ಥೆಗಳನ್ನು ಒಬ್ಬರು ಮಾದರಿ ಎಂದರೆ ಇನ್ನೊಬ್ಬರು ಮತಾಂತರದ ಗಾಳ ಎನ್ನುತ್ತಾರೆ. ಇಬ್ಬರಲ್ಲಿ ಯಾರು ಸರಿ ಎಂದು ಕಟ್ಟಡ ನೋಡಿ ಹೇಳಲಾಗದು. ಔಷಧಕ್ಕೆ ಷರತ್ತು ಕಟ್ಟಿದರೆ ಅದು ವ್ಯಾಪಾರ, ಅದನ್ನು ಮಾದರಿ ಎನ್ನುವುದು ಸುಳ್ಳು. ಷರತ್ತಿಲ್ಲದೆ ವಾಸಿಯಾಗಿ ಮನೆಗೆ ಹೋದವರು ಮುಂದೊಂದು ದಿನ, ಈ ಜನ ಹೀಗೇಕೆ ಮಾಡುತ್ತಾರೆ ಎಂದು ತಾವಾಗಿ ಕೇಳಿದರೆ ಉತ್ತರ ಹೇಳುವುದರಲ್ಲಿ ಯಾವ ಮೋಸವೂ ಇಲ್ಲ. ಕೇಳದೆ ಸುಮ್ಮನೆ ಹೋದವರಿಗೂ ಎರಡನೆಯ ಸಲ ಬಂದಾಗ ಅದೇ ಚಿಕಿತ್ಸೆ ಸಿಗುತ್ತದೆಯೇ ಎಂಬುದು ಇಲ್ಲಿ ನೋಡಬೇಕಾದ ಗುರುತು.

ಈ ವಿಚಾರದಲ್ಲಿ ಆಸಕ್ತಿ ಇರುವ ಓದುಗರು ತತ್ತ್ವಜ್ಞರ ದಪ್ಪ ಪುಸ್ತಕಗಳಿಂದ ಶುರುಮಾಡಬೇಕಿಲ್ಲ. ಕನ್ನಡದಲ್ಲಿ ಪೂರ್ತಿ ಬೈಬಲ್ 1831ರಲ್ಲೇ ಬಳ್ಳಾರಿಯ ಮಿಷನರಿಗಳ ಕೈಯಿಂದ ಹೊರಬಂದಿದೆ, ಇಂದು ಹಲವು ಅನುವಾದಗಳು ಸಿಗುತ್ತವೆ. ಅದರಲ್ಲಿ ಮತ್ತಾಯನ ಐದು ಮತ್ತು ಆರನೆಯ ಅಧ್ಯಾಯಗಳನ್ನು ಒಂದೇ ಕೂರಿಕೆಯಲ್ಲಿ ಓದಿ. ಅರ್ಧ ಗಂಟೆಯೂ ಬೇಕಾಗುವುದಿಲ್ಲ.