ಆಯಿಯ ಆರು ಪೈಸೆ

ಇಂಡಿಯ ನಮ್ಮ ಮನೆ ಆಯಿಯ ಹೆಸರಿನಲ್ಲಿತ್ತು. ವರ್ಷಕ್ಕೊಮ್ಮೆ ಕರದ ಪಾವತಿಯನ್ನು ಅವಳಿಗೆ ಓದಿ ಹೇಳುವ ಕೆಲಸ ನನ್ನದು. ಒಮ್ಮೆ ‘ಗ್ರಂಥಾಲಯ ಕರ’ ಎಂದು ಓದಿದಾಗ ತಡೆದಳು.

“ಅದ್ಯಾತರ ರೊಕ್ಕೋ ತಮ್ಮಾ?”

1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದದ್ದು, ಕರದ ಪ್ರತಿ ರೂಪಾಯಿಗೆ ಆರು ಪೈಸೆ ಎಂದೆ.

“ನನಗ ಅಕ್ಷರಾ ಬರಂಗಿಲ್ಲ. ನಾಯಾಕ ಕೊಡಬೇಕು?”

“ನಾ ಓದತೀನಲ್ಲ ಆಯಿ.”

“ನೀ ಉಂಡರ ನನ್ನ ಹೊಟ್ಟಿ ತುಂಬತದೇನು?”

ಒಬ್ಬ ಓದಿದರೆ ಹತ್ತು ಮಂದಿಗೆ ಬೆಳಕು ಎಂದು ಭಾಷಣಗಳಲ್ಲಿ ಕೇಳುತ್ತೇವೆ. ಆ ಹತ್ತು ಮಂದಿಯನ್ನು ಯಾರೂ ಕೇಳಿದಂತಿಲ್ಲ.

ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗೆ ಹೋದಾಗ ಗ್ರಂಥಾಲಯಕ್ಕೆ ಇಣುಕುವುದು ನನ್ನ ಚಟ. ನಾನು ಕಂಡಷ್ಟು ದಿನ ಬೆಂಚಿನ ತುಂಬ ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುವ ಹುಡುಗರು. ಒಂದು ಮೂಲೆಯಲ್ಲಿ ಪೇಪರ್ ಹಿಡಿದ ಮುದುಕರು. ಹುಡುಗರನ್ನು ಹಗುರವಾಗಿ ಕಾಣಲಾರೆ. ಮಳೆ ನಂಬಿ ತೊಗರಿ ಬಿತ್ತುವ ಮನೆಯಿಂದ ಬಂದವರಿಗೆ ಆ ಬೆಂಚು ದೊಡ್ಡ ಆಸರೆ. ಆದರೆ ನೌಕರಿ ಸಿಕ್ಕ ಮೇಲೆ ಅವರು ಮತ್ತೆ ಅಲ್ಲಿಗೆ ಬರುತ್ತಾರೆಯೇ? ಆಯಿಯಂಥ ಹೆಂಗಸರಂತೂ ಹೊಸ್ತಿಲು ತುಳಿದದ್ದನ್ನು ನಾನು ಕಂಡಿಲ್ಲ.

ಇದು ನಡೆದಿರುವುದು ಹಲಸಂಗಿಯ ನೆರೆಯಲ್ಲಿ ಎಂಬುದೇ ನನಗೆ ವಿಚಿತ್ರ. ಆಗ ಇಂಡಿ ತಾಲೂಕಿಗೆ ಸೇರಿದ್ದ ಆ ಊರಿನಲ್ಲಿ ಮಧುರಚೆನ್ನರು ಮತ್ತು ಅವರ ಗೆಳೆಯರು ಹೆಣ್ಣುಮಕ್ಕಳ ಬಾಯಿಂದ ಹಾಡು ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ತಂದರು. ಬೀಸುತ್ತ ಕುಟ್ಟುತ್ತ ಹಾಡಿದ, ಬಹುಪಾಲು ಅಕ್ಷರ ಕಾಣದ ಹೆಂಗಸರ ಹಾಡುಗಳು ಅವು. ಅವರ ಹಾಡು ಕಪಾಟಿಗೆ ಹೋಯಿತು, ಅವರು ಹೊರಗೇ ಉಳಿದರು. ಗೆಳೆಯರದೇನೂ ತಪ್ಪಿಲ್ಲ, ಅವರು ಬರೆಯದಿದ್ದರೆ ಎಷ್ಟೋ ಹಾಡು ಮಣ್ಣಾಗುತ್ತಿದ್ದವು. ಆದರೆ ಪುಸ್ತಕವನ್ನು ಹಾಡಿದವರ ಮನೆಗೆ ಮರಳಿ ಒಯ್ಯುವ ಕೆಲಸ ನಮ್ಮ ಪಾಲಿಗಿತ್ತು.

ಆ ಪುಸ್ತಕ ತಂದು ಆಯಿಗೆ ಓದಿದೆ. ಎರಡನೆಯ ಹಾಡಿಗೇ ಕೈ ಎತ್ತಿದಳು. “ನಮ್ಮ ಕಡಿ ಹಂಗ ಹಾಡಂಗಿಲ್ಲ.” ತಿದ್ದಿ ಹಾಡಿದಳು. ಆಮೇಲೆ ಪುಸ್ತಕದಲ್ಲಿಲ್ಲದ್ದನ್ನೂ ಹಾಡಿದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಎಪ್ಪತ್ತು ದಾಟಿದವಳು ಪುಸ್ತಕವೊಂದರ ಜೊತೆ ವಾದಕ್ಕೆ ಕೂತದ್ದು ಅದೇ ಮೊದಲು. “ನಾಳಿಗಿ ಯಾವ ಪುಸ್ತಕ ತರ್ತಿ?” ಎಂದು ಅವಳೇ ಕೇಳಿದಳು.

ಹಾಗಾಗಿ ಆರು ಪೈಸೆ ಅನ್ಯಾಯವೆಂದು ನಾನು ಹೇಳುವುದಿಲ್ಲ. ಓದಿ ಹೇಳುವ ಒಂದು ದನಿಯನ್ನೂ, ಕೇಳಿ ಬರೆದುಕೊಳ್ಳುವ ಒಂದು ಕೈಯನ್ನೂ ಕೊಡದ ಗ್ರಂಥಾಲಯ ಆ ದುಡ್ಡಿನ ಬಾಕಿದಾರ ಎನ್ನುತ್ತೇನೆ. ನಾನೂ ಬಾಕಿದಾರನೇ. ಆಯಿ ಈಗಿಲ್ಲ. ನೋಟ್‌ಬುಕ್ಕಿನಲ್ಲಿ ಹದಿನೇಳು ಹಾಡುಗಳಿವೆ. ಹದಿನೆಂಟನೆಯದು ಅರ್ಧಕ್ಕೆ ನಿಂತಿದೆ. ಆ ವಾರ ನನಗೆ ಪರೀಕ್ಷೆ ಇತ್ತು.