ಶಕ್ತಿತಸ್ತಪ: ಮಕ್ಕಳ ಉಪವಾಸವೂ ಮಾತಾಪಿತೃಗಳ ಹೊಣೆಯೂ

ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗಿನ ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಧರ್ಮದ ಚಿಂತನೆಯೂ, ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಒಂದೊಂದು ಅಧ್ಯಾಯದ ವಾಚನವೂ ಬಸದಿಗಳಲ್ಲಿ ನಡೆದುಬಂದ ಪದ್ಧತಿ. ಏಳನೆಯ ದಿನ ಉತ್ತಮ ತಪೋಧರ್ಮದ್ದು. ಅಂದಿನ ವಾಚನ ವ್ರತಗಳನ್ನು ನಿರೂಪಿಸುವ ಏಳನೆಯ ಅಧ್ಯಾಯದ್ದು. ತಪಸ್ಸನ್ನು ಕೊಂಡಾಡುವ ಆ ದಿನವೇ ಅಹಿಂಸಾಣುವ್ರತದ ಐದು ಅತಿಚಾರಗಳೂ ಕಿವಿಗೆ ಬೀಳುತ್ತವೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಕೊನೆಯ ಎರಡು ದನಕರುಗಳಿಗೆ ಮಾತ್ರ ಸಂಬಂಧಿಸಿದವೆಂದು ತಿಳಿಯುವವರುಂಟು. ಎತ್ತಿಗೆ ಹೊರಲಾರದ ಹೊರೆ ಹೊರಿಸುವುದು ಅತಿಚಾರವಾದರೆ, ಹಸುಳೆಗೆ ಹೊರಿಸುವುದು ಪುಣ್ಯವಾದೀತೆ?

ಎಂಟು ವರ್ಷ ತುಂಬಿದ ಜೀವಕ್ಕೆ ವ್ರತಗ್ರಹಣದ ಯೋಗ್ಯತೆಯುಂಟೆಂಬುದು ಆಗಮಸಮ್ಮತ. ಆದರೆ ಯೋಗ್ಯತೆ ಬೇರೆ, ಶಕ್ತಿ ಬೇರೆ. ಷೋಡಶಕಾರಣ ಭಾವನೆಗಳಲ್ಲಿ ತಪಕ್ಕೆ ‘ಶಕ್ತಿತಃ’ ಎಂಬ ವಿಶೇಷಣ ಸೇರಿರುವುದು ವ್ಯರ್ಥವಲ್ಲ. ನೆಂಟರಿಷ್ಟರ ಹೊಗಳಿಕೆಗಾಗಿ ಮಗುವಿನಿಂದ ಉಪವಾಸ ಮಾಡಿಸಿದಲ್ಲಿ ತಪಸ್ಸು ಮಗುವಿನದಾಗದು. ಮಾನಕಷಾಯ ಮಾತ್ರ ಹಿರಿಯರದಾಗುತ್ತದೆ.

ಬಾಲದೇಹದ ಸ್ಥಿತಿಯನ್ನು ಹಿರಿಯರು ಅರಿಯಬೇಕು. ಯಕೃತ್ತಿನಲ್ಲಿ ಶೇಖರವಾಗುವ ಸಕ್ಕರೆಯ ಸಂಗ್ರಹ ಮಕ್ಕಳಲ್ಲಿ ಅಲ್ಪ. ದೇಹಪ್ರಮಾಣಕ್ಕೆ ಮಿದುಳು ದೊಡ್ಡದು, ಅದರ ಬೇಡಿಕೆಯೂ ಹೆಚ್ಚು. ಆದುದರಿಂದ ಆಹಾರ ತಪ್ಪಿದಾಗ ರಕ್ತದ ಸಕ್ಕರೆ ವಯಸ್ಕರಿಗಿಂತ ಬೇಗ ಇಳಿಯುತ್ತದೆ. ಚತುರ್ವಿಧಾಹಾರ ತ್ಯಾಗದಲ್ಲಿ ನೀರೂ ನಿಲ್ಲುವುದರಿಂದ ಅಪಾಯ ಇಮ್ಮಡಿ. 2016ರಲ್ಲಿ ದೇಶದ ಒಂದು ನಗರದಲ್ಲಿ ಎರಡು ತಿಂಗಳಿಗೂ ಮೀರಿ ಉಪವಾಸ ಮಾಡಿದ ಬಾಲಿಕೆಯೊಬ್ಬಳು ಅಸುನೀಗಿದ ವಾರ್ತೆ ಸಮಾಜದ ಎದೆಯನ್ನು ಕಲಕಿತು. ಆ ನೋವು ಪಾಠವಾಗದಿದ್ದರೆ ವಿವೇಕಕ್ಕೆ ಅರ್ಥವೇನು?

ಹಾಗಾದರೆ ಮಕ್ಕಳು ತಪಸ್ಸಿನಿಂದ ದೂರವಿರಬೇಕೆ? ಬೇಡ. ಬಾಹ್ಯತಪಗಳು ಆರು, ಅನಶನ ಅವುಗಳಲ್ಲಿ ಒಂದು ಮಾತ್ರ. ಒಂದು ದಿನ ಸಿಹಿಯನ್ನು ಬಿಡುವುದು ರಸಪರಿತ್ಯಾಗ. ತಟ್ಟೆಗೆ ಬಡಿಸಿದ್ದರಲ್ಲಿ ಇಷ್ಟೇ ಬಗೆಯೆಂದು ಗೊತ್ತುಮಾಡಿಕೊಂಡು ಹೊಟ್ಟೆ ತುಂಬ ಉಣ್ಣುವುದೂ ಸಂಯಮವೇ. ಸೂರ್ಯಾಸ್ತಕ್ಕೆ ಮುನ್ನ ಊಟ, ಸೋಸಿ ಕಾಯಿಸಿದ ನೀರು, ಒಂದು ದಿನ ಸಿಟ್ಟಿಲ್ಲದ ಮಾತು: ಇವು ಬಾಲರಿಗೆ ತಕ್ಕ ನಿಯಮಗಳು. ಜ್ವರದಿಂದ ಈಚೆಗೆ ಎದ್ದ ಮಗು, ಮಧುಮೇಹ ಅಥವಾ ಮೂರ್ಛೆರೋಗಕ್ಕೆ ಔಷಧ ಸೇವಿಸುವ ಮಗು ಉಪವಾಸಕ್ಕೆ ಅರ್ಹವಲ್ಲ. ಬಲಿತ ಬಾಲಕನು ತಾನಾಗಿಯೇ ಏಕಾಶನ ಬಯಸಿದರೂ ಮೊದಲು ವೈದ್ಯರ ಅಭಿಪ್ರಾಯ ಪಡೆಯತಕ್ಕದ್ದು.

ಬಾಯಿ ಒಣಗುವುದು, ಮೂತ್ರ ಕಡಿಮೆಯಾಗುವುದು, ಕಣ್ಣು ಗುಳಿಬೀಳುವುದು, ತಲೆಸುತ್ತು, ಅತಿಯಾದ ಮಂಪರು, ತೊದಲು ಮಾತು ಕಂಡೊಡನೆ, ಹೊತ್ತು ಯಾವುದೇ ಇರಲಿ, ನಿಯಮವನ್ನು ಅಲ್ಲಿಗೇ ನಿಲ್ಲಿಸಬೇಕು. ಎಚ್ಚರವಿರುವ ಮಗುವಿಗೆ, ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಚಹಾಚಮಚ ಸಕ್ಕರೆ, ಅರ್ಧ ಚಹಾಚಮಚ ಉಪ್ಪು ಕರಗಿಸಿ ಗುಟುಕು ಗುಟುಕಾಗಿ ಕುಡಿಸುತ್ತ ವೈದ್ಯರಲ್ಲಿಗೆ ಒಯ್ಯಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಕೂಡಲೇ ಆಸ್ಪತ್ರೆಗೆ ಸೇರಿಸಬೇಕು. ವ್ರತಭಂಗದ ಭಯ ಆಗ ಸಲ್ಲದು. ಪ್ರಾಣರಕ್ಷಣೆಯೇ ವ್ರತದ ಬೇರು. ಬೇರನ್ನು ಕಡಿದು ಹೂವನ್ನು ಉಳಿಸಿಕೊಂಡವರಿಲ್ಲ.

ಪರ್ಯೂಷಣದಲ್ಲಿ ಮಗುವನ್ನು ಬಸದಿಗೆ ಕರೆದೊಯ್ಯುವ ತಾಯಿತಂದೆಯರು ಅದರ ಕೈಗೆ ಅಕ್ಷತೆಯನ್ನು ಕೊಡಲಿ, ಕಿವಿಗೆ ಣಮೋಕಾರವನ್ನು ಕೊಡಲಿ, ಹೊಟ್ಟೆಗೆ ಹೊತ್ತಿಗೆ ಸರಿಯಾಗಿ ಅನ್ನವನ್ನು ಕೊಡಲಿ. ಹೀಗೆ ಬೆಳೆದ ದೇಹದಲ್ಲಿಯೇ ಮುಂದೆ ದೃಢವ್ರತ ನಿಲ್ಲುವುದು.